ಹಳೇ ಫ್ಯಾಕ್ಟರಿಯೊಳಗೇ ಮಾಡುವ ಕಲಾಕೃತಿಯನ್ನು ಗ್ಯಾಲರಿಯಲ್ಲಿ ಇಡಬಾರದಾ? ಜಾಗದಿಂದ ಏನು ವ್ಯತ್ಯಾಸ?

ಇಡಬಹುದು, ಆದರೆ ಅರ್ಧ ಅರ್ಥ ಹೋಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಡಾಮಿನೋ ಸಕ್ಕರೆ ಕಾರ್ಖಾನೆಯನ್ನೇ ನೋಡಿ. 2004ರಲ್ಲಿ ಅಲ್ಲಿ ಸಕ್ಕರೆ ಶುದ್ಧ ಮಾಡುವ ಕೆಲಸ ನಿಂತಿತು. 2014ರಲ್ಲಿ, ಅದರ ಶೆಡ್ ಕೆಡವುವ ಮುಂಚೆ, ಕಾರಾ ವಾಕರ್ ಎಂಬ ಕಲಾವಿದೆ ಒಳಗೊಂದು ದೈತ್ಯ ಸ್ಫಿಂಕ್ಸ್ (ಈಜಿಪ್ಟಿನಲ್ಲಿರುವಂಥ, ಸಿಂಹದ ಮೈ, ಮನುಷ್ಯರ ತಲೆಯ ವಿಗ್ರಹ) ಕೂರಿಸಿದರು. ಸುಮಾರು 35 ಅಡಿ ಎತ್ತರ, 75 ಅಡಿ ಉದ್ದ. ಒಳಗೆ ಥರ್ಮಾಕೋಲಿನಂಥ ದಿಮ್ಮಿಗಳು, ಮೇಲೆಲ್ಲ ಬಿಳಿ ಸಕ್ಕರೆ. ಮುಖ ಮಾತ್ರ ತಲೆಗೆ ವಸ್ತ್ರ ಕಟ್ಟಿದ ಕಪ್ಪು ಹೆಂಗಸಿನದು.

ಹೆಸರು 'ಎ ಸಟಲ್ಟಿ'. ಹಿಂದೆ ಯುರೋಪಿನ ಅರಮನೆ ಊಟಗಳಲ್ಲಿ ಇಡುತ್ತಿದ್ದ ಸಕ್ಕರೆ ಬೊಂಬೆಗಳಿಗೆ ಆ ಹೆಸರಿತ್ತು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗುತ್ತೆ, ಅಲ್ವಾ? ಆದರೆ ಇಲ್ಲಿ ಆ ಸಿಹಿಯ ಹಿಂದಿರುವುದು ಕಬ್ಬಿನ ಗದ್ದೆಯಲ್ಲಿ ಕೂಲಿಯಿಲ್ಲದೆ ದುಡಿದ ಗುಲಾಮರ ಕಥೆ. ಕಂದು ಸಕ್ಕರೆಯನ್ನು ಬೆಳ್ಳಗೆ ಮಾಡುತ್ತಿದ್ದ ಜಾಗದಲ್ಲೇ ಕಪ್ಪು ಹೆಂಗಸನ್ನು ಬೆಳ್ಳಗೆ ಮಾಡಿ ಕೂರಿಸಿದ್ದು ಸುಮ್ನೆ ಅಲ್ಲ.

ನನಗೆ ಜಾಸ್ತಿ ಕಾಡುವುದು ಸುತ್ತ ನಿಂತಿದ್ದ ಹುಡುಗರ ಬೊಂಬೆಗಳು. ಕೆಲವು ಪೂರ್ತಿ ಸಕ್ಕರೆ ಪಾಕದವು. ಬೇಸಿಗೆಯ ಸೆಕೆಗೆ ಕರಗಿ, ಕೈಕಾಲು ಮುರಿದು ಬಿದ್ದವು. ಆ ತುಂಡುಗಳನ್ನು ಉಳಿದ ಹುಡುಗರ ಬೊಂಬೆಗಳು ಹಿಡಿದಿದ್ದ ಬುಟ್ಟಿಗಳಿಗೇ ಹಾಕಿದರು. ಗೋಡೆಗಳಿಗೋ ವರ್ಷಗಟ್ಟಲೆಯ ಕಾಕಂಬಿ ಅಂಟಿತ್ತು, ಅದರ ವಾಸನೆ ಬೇರೆ. ಏಸಿ ಹಾಕಿದ ಗ್ಯಾಲರಿಯಲ್ಲಿ ಆ ಗೋಡೆ ಎಲ್ಲಿ ಸಿಗಬೇಕು?