ಡಾಲರ್ ಏರಿಳಿದಾಗ ಹೋಟೆಲ್ ರೂಮಿನ ಬಾಡಿಗೆ ನ್ಯಾಯವೋ ಅಲ್ಲವೋ ಅಂತ ಗಿರಾಕಿಗಳು ಹೇಗೆ ಅಳೆಯುತ್ತಾರೆ?

ಡಾಲರ್ ರೇಟಿಗಿಂತ ಹೆಚ್ಚಾಗಿ, ತಲೆಯಲ್ಲಿ ಕೂತಿರುವ ಹಳೆಯ ಬೆಲೆಯ ಜೊತೆ ತಾಳೆ ನೋಡುತ್ತಾರೆ.

ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬರುವ ವಿದೇಶಿಯರನ್ನೇ ತಗೊಳ್ಳಿ. ರೂಮಿಗೆ ದಿನಕ್ಕೆ 3,400 ರೂಪಾಯಿ ಅಂದುಕೊಳ್ಳೋಣ. ಡಾಲರ್‌ಗೆ 68 ಇದ್ದಾಗ ಅದು 50 ಡಾಲರ್, 85 ಆದರೆ 40. ಬೋರ್ಡಿನ ರೇಟು ಬದಲಾಗಲೇ ಇಲ್ಲ, ಅವರಿಗೆ ಮಾತ್ರ ಅಗ್ಗ. 'ಹೇಗೂ ಅಗ್ಗ ಅಲ್ವಾ' ಅಂತ ಮಾಲೀಕರು 4,250 ಮಾಡಿದರೆ? ವಿದೇಶಿಯರಿಗೆ ಮತ್ತೆ ಅದೇ 50 ಡಾಲರ್. ಮಂಡ್ಯದಿಂದ ಮದುವೆಗೆ ಬಂದವರಿಗೆ ಮಾತ್ರ ಸುಲಿಗೆ ಅನ್ನಿಸುತ್ತದೆ.

ಜನ ಬೆಲೆಯನ್ನು ಹೇಗೆ ಅಳೆಯುತ್ತಾರೆ ಅಂತ ಅಧ್ಯಯನ ಮಾಡಿದ ಸಂಶೋಧಕರು ಕಾನೆಮನ್, ಥೇಲರ್ ಮತ್ತು ಜೊತೆಗಾರರು 1986ರಲ್ಲೇ ಇದನ್ನು ತೋರಿಸಿದ್ದರು. ಖರ್ಚು ಜಾಸ್ತಿಯಾಗಿ ಬೆಲೆ ಏರಿದರೆ ಜನ ಒಪ್ಪುತ್ತಾರೆ. ಗಿರಾಕಿಯ ಅವಸರ ನೋಡಿ ಏರಿಸಿದರೆ ಸಿಟ್ಟಾಗುತ್ತಾರೆ. ದಸರಾ ರೇಟು ಬೈಸಿಕೊಳ್ಳುವುದು ಇದಕ್ಕೇ, ಆದರೆ ಅದು ಮೊದಲೇ ಗೊತ್ತಿರುವುದರಿಂದ ಬೈದೂ ಕೊಡುತ್ತಾರೆ!

ನಿಜವಾದ ಜಗಳ ಆಗುವುದು ಬಿಲ್ ಕೌಂಟರ್‌ನಲ್ಲಿ. ಕಾರ್ಡ್ ಮೆಷಿನ್ 'ರೂಪಾಯಿನಾ, ಡಾಲರಾ' ಅಂತ ಕೇಳುತ್ತದೆ. ಡಾಲರ್ ಒತ್ತಿದರೆ ಸಾಮಾನ್ಯವಾಗಿ ಮೆಷಿನ್ ಕಂಪನಿಯ ಕಮಿಷನ್ನೂ ಸೇರುತ್ತದೆ. ಅದು ಹೋಟೆಲಿನವರದೇ ಮೋಸ ಅಂತ ಗಿರಾಕಿ ಅಂದುಕೊಳ್ಳುತ್ತಾರೆ. ಸುಮ್ನೆ ರೂಪಾಯಿ ಒತ್ತಲು ಹೇಳಿ.