ಹಣ ಬಂದ ದಿನಕ್ಕಿಂತ ಹಿಂದಿನ ದಿನಗಳನ್ನು ಬರೆಯಿರಿ

ಪ್ರಿಯ ಸಹೋದರಿ,

ಕರ್ತನ ನಾಮದಲ್ಲಿ ವಂದನೆಗಳು. ಹುಮನಾಬಾದ ಕಡೆಯ ನಿಮ್ಮ ಊರಿನಿಂದ ನಮ್ಮ ಸಭೆಯ ಮಾಸಪತ್ರಿಕೆಗೆ ನೀವು ಕಳುಹಿಸಿದ ಸಾಕ್ಷಿ ಲೇಖನವನ್ನು ಗಮನವಿಟ್ಟು ಓದಿದೆ. ನೆಟೆ ರೋಗ ಬಿದ್ದು ಹೊಲದ ತೊಗರಿ ಒಣಗಿದ ವರ್ಷ, ತಂಗಿಯ ನರ್ಸಿಂಗ್ ಕಾಲೇಜಿನ ಫೀಸಿಗೆ ಮನೆಯಲ್ಲಿ ದುಡ್ಡಿಲ್ಲದಿರುವಾಗ, ಕೊನೆಯ ದಿನಕ್ಕೆ ಸರಿಯಾಗಿ ಹಣ ಕೈಸೇರಿದ್ದನ್ನು ನೀವು ದೇವರ ಪರಾಮರಿಕೆ ಎಂದು ಕಂಡಿದ್ದೀರಿ. ಆ ನಂಬಿಕೆ ನನ್ನದೂ ಹೌದು. ಆದರೆ ಲೇಖನವನ್ನು ಈಗಿರುವಂತೆಯೇ ಅಚ್ಚು ಹಾಕಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಬೆಳೆ ಒಣಗಿದ ದಿನದಿಂದ ಹಣ ಬಂದ ದಿನದವರೆಗಿನ ತಿಂಗಳುಗಳನ್ನು ನೀವು ‘ಕಷ್ಟವಿತ್ತು, ಆದರೂ ನಂಬಿದೆವು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಉಳಿದದ್ದೆಲ್ಲ ಹಣ ಬಂದ ಸಂತೋಷ. ಹೀಗೆ ಬರೆದಾಗ, ಹಣ ಬಂದದ್ದರಿಂದಲೇ ದೇವರು ನಂಬಿಗಸ್ತನಾದನು ಎಂದಂತಾಗುತ್ತದೆ. ಫೀಸು ಕಟ್ಟಲಾಗದೆ ಮಗಳನ್ನು ಕಾಲೇಜು ಬಿಡಿಸಿದ ಮನೆಯವರೂ ನಮ್ಮ ಪತ್ರಿಕೆಯನ್ನು ಓದುತ್ತಾರೆ, ಮತ್ತು ಅವರೂ ಮೊಣಕಾಲೂರಿ ಬೇಡಿಕೊಂಡವರೇ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದ 28ನೆಯ ವಚನವನ್ನು, ಅಂದರೆ ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಆಗುತ್ತದೆ ಎಂಬ ಮಾತನ್ನು, ನೀವು ಮೂರು ಕಡೆ ತಂದಿದ್ದೀರಿ. ಅದೇ ಅಧ್ಯಾಯವನ್ನು 35ನೆಯ ವಚನದವರೆಗೆ ಓದಿಕೊಂಡು ಹೋಗಿ. ಹಸಿವು, ಬಟ್ಟೆಯಿಲ್ಲದಿರುವಿಕೆ, ಕತ್ತಿ ಎಲ್ಲವನ್ನೂ ಆ ಪತ್ರಿಕೆ ಬರೆದ ಪೌಲನು ಅಲ್ಲಿ ಹೆಸರಿಸುತ್ತಾನೆ. ಇವು ನಿಮಗೆ ಬರುವುದಿಲ್ಲ ಎಂದು ಅವನು ಮಾತು ಕೊಡುವುದಿಲ್ಲ. ಬಂದರೂ ಇವು ನಮ್ಮನ್ನು ಕ್ರಿಸ್ತನ ಪ್ರೀತಿಯಿಂದ ಅಗಲಿಸಲಾರವು ಎನ್ನುತ್ತಾನೆ.

ನಿಮ್ಮ ಲೇಖನದ ಜೀವವಿರುವುದು ನೀವು ಅವಸರದಿಂದ ದಾಟಿಹೋದ ಒಂದು ಜಾಗದಲ್ಲಿ. ಜೋಳದ ಹಿಟ್ಟಿನ ಡಬ್ಬಿಯ ತಳವನ್ನು ಅಂಗೈಯಿಂದ ಬಳಿದು ಅವ್ವ ರೊಟ್ಟಿ ಬಡಿದದ್ದು, ಆ ರಾತ್ರಿ ಕುಟುಂಬ ಪ್ರಾರ್ಥನೆಗೆ ಮಾತ್ರ ಅವರು ಒಲೆಯ ಮುಂದಿನಿಂದ ಎದ್ದು ಬಾರದೆ ಹೋದದ್ದು. ಇದನ್ನು ಓದಿದಾಗ ನನಗೆ ಮುಂದಕ್ಕೆ ಹೋಗಲಾಗಲಿಲ್ಲ. ನೀವಾದರೋ ಮರುಸಾಲಿನಲ್ಲೇ ‘ಸೈತಾನನು ಅವ್ವನನ್ನು ಶೋಧಿಸಿದನು’ ಎಂದು ಬರೆದು, ಆ ತಾಯಿಯ ದುಃಖಕ್ಕೆ ಮಾತನಾಡಲು ಎಡೆಯೇ ಇಲ್ಲದಂತೆ ಮಾಡಿದ್ದೀರಿ. ಆ ಸಾಲನ್ನು ತೆಗೆಯಿರಿ. ಬರಗಾಲಕ್ಕೆ ಬೆತ್ಲೆಹೇಮನ್ನು ಬಿಟ್ಟು ಮೋವಾಬಿಗೆ ಹೋಗಿ, ಗಂಡನನ್ನೂ ಇಬ್ಬರು ಮಕ್ಕಳನ್ನೂ ಅಲ್ಲಿ ಮಣ್ಣುಮಾಡಿ ಬರಿಗೈಯಲ್ಲಿ ಮರಳಿದ ನೊವೊಮಿ, ಸರ್ವಶಕ್ತನೇ ನನ್ನ ಬಾಳನ್ನು ಕಹಿ ಮಾಡಿದ್ದಾನೆ ಎಂದು ಊರ ಹೆಂಗಸರ ಮುಂದೆ ಬಾಯಿಬಿಟ್ಟು ಹೇಳುತ್ತಾಳೆ. ಸತ್ಯವೇದವು ಆ ಮಾತಿಗಾಗಿ ಅವಳನ್ನು ಗದರಿಸುವುದಿಲ್ಲ, ಆ ಮಾತನ್ನು ಅಳಿಸುವುದೂ ಇಲ್ಲ.

ಆ ಕಥೆಯನ್ನೇ ಇನ್ನೊಂದು ಕಾರಣಕ್ಕೂ ಓದಿ. ನೊವೊಮಿಯ ಜೊತೆ ಬಂದ ಸೊಸೆ ರೂತಳಿಗೆ ಊಟ ಆಕಾಶದಿಂದ ಇಳಿದುಬರಲಿಲ್ಲ. ಕೊಯ್ಲಿನಲ್ಲಿ ಹೊಲದಲ್ಲೇ ಉಳಿದ ಹಕ್ಕಲು ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಮೋಶೆಯ ಧರ್ಮಶಾಸ್ತ್ರವಿತ್ತು. ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಎಳೆದು ಬಿಡಿರಿ ಎಂದು ಆಳುಗಳಿಗೆ ಹೇಳಿದ ಹೊಲದ ಒಡೆಯ ಬೋವಜನಿದ್ದನು. ನಿಮ್ಮ ಲೇಖನದಲ್ಲಿ ‘ಅನಿರೀಕ್ಷಿತವಾಗಿ ಹಣ ಬಂತು’ ಎಂದಷ್ಟೇ ಇದೆ. ಕೊಟ್ಟವರು ಸೋದರತ್ತೆ ಎಂಬುದು ಲೇಖನದ ಕೊನೆಯಲ್ಲಿ ಅವರಿಗೆ ವಂದನೆ ಹೇಳುವಾಗ ಮಾತ್ರ ತಿಳಿಯುತ್ತದೆ. ಅವರು ಬಳೆಗಳನ್ನು ಅಡವಿಟ್ಟಿದ್ದರೆ, ಆ ಬಳೆಗಳ ಬಗ್ಗೆ ಬರೆಯಿರಿ. ಅತ್ತೆಯ ಕೈಯನ್ನು ತೋರಿಸಿದರೆ ದೇವರ ಕೈ ಮರೆಯಾಗುವುದೆಂಬ ಭಯ ಬೇಡ.

ಬದುವಿನಾಚೆಯ ಹೊಲದವನಿಗೆ ವಿಶ್ವಾಸವಿರಲಿಲ್ಲ, ಆದುದರಿಂದ ಅವನಿಗೆ ಯಾವ ಸಹಾಯವೂ ಬರಲಿಲ್ಲ ಎಂಬ ಮಾತನ್ನು ನಾನು ಯಾವ ಕಾರಣಕ್ಕೂ ಪ್ರಕಟಿಸುವುದಿಲ್ಲ. ಯೆರೂಸಲೇಮಿನ ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಮಿಕ್ಕವರಿಗಿಂತ ಹೆಚ್ಚು ತಪ್ಪಿತಸ್ಥರೋ ಎಂದು ಕೇಳಿ, ಅಲ್ಲವೆಂದು ಯೇಸುಸ್ವಾಮಿಯೇ ಉತ್ತರ ಕೊಟ್ಟಿದ್ದಾನೆ.

ಇನ್ನೊಂದು ಮಾತು ನಮ್ಮ ಭಾಗದ ರೈತರಿಗೆ ಸಂಬಂಧಿಸಿದ್ದು. ಮರುವರ್ಷ ಅಪ್ಪ ‘ದೇವರ ಮೇಲೆ ಭಾರ ಹಾಕಿ’ ಅದೇ ಹೊಲಕ್ಕೆ ಅದೇ ಬೀಜ ಬಿತ್ತಿದರು ಎಂದು ಹೆಮ್ಮೆಯಿಂದ ಬರೆದಿದ್ದೀರಿ. ನೆಟೆ ರೋಗದ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಬೆಳೆ ಬದಲಿಸುವುದು, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ ಮಾಡುವುದು, ರೋಗ ತಡೆಯುವ ತಳಿ ಬಿತ್ತುವುದು ಅವಿಶ್ವಾಸವಲ್ಲ. ಬರ ಬರುವುದೆಂದು ದೇವರೇ ತಿಳಿಸಿದಾಗ ಐಗುಪ್ತದಲ್ಲಿ ಯೋಸೇಫನು ಸುಮ್ಮನೆ ಕುಳಿತುಕೊಳ್ಳಲಿಲ್ಲ, ಸುಭಿಕ್ಷದ ಏಳು ವರ್ಷ ಬೆಳೆಯ ಐದನೆಯ ಒಂದು ಪಾಲನ್ನು ಕಣಜಕ್ಕೆ ತುಂಬಿಸಿದನು. ನಿಮ್ಮ ಲೇಖನ ಓದಿ ಯಾರಾದರೂ ಬೀಜೋಪಚಾರ ಬಿಟ್ಟರೆ ಅದರ ಹೊಣೆ ನನ್ನ ಮೇಲೂ ಬರುತ್ತದೆ.

ತಿದ್ದಿ ಬರೆದು ಕಳುಹಿಸಿ. ಸುಗ್ಗಿ ಹಬ್ಬದ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಬಿಟ್ಟಿರುತ್ತೇನೆ. ಆದರೆ ಕಳುಹಿಸುವ ಮೊದಲು, ಅವ್ವನ ಭಾಗವನ್ನು ಅವರಿಗೇ ಓದಿ ಹೇಳಿ ಒಪ್ಪಿಗೆ ಕೇಳಿರಿ. ಬೇಡವೆಂದರೆ ಅದನ್ನು ಬಿಟ್ಟುಬಿಡಿ. ಆಗ ಅತ್ತೆಯ ಭಾಗವನ್ನೇ ಬೆಳೆಸೋಣ.

ಇಂತಿ ನಿಮ್ಮ ಹಿತೈಷಿ,
ಸಂಪಾದಕ, ಬೀದರ್