ಮಿಕಿಯನ್ನು ಬರೆದ ಕೈ

"ಮಿಕಿ ಮೌಸ್ ಬರೆದದ್ದು ಡಿಸ್ನಿ ಅಲ್ಲವಂತೆ, ಅಬ್ ಐವರ್ಕ್ಸ್ ಅಂತೆ, ಹೌದಾ? ಆಮೇಲೆ ಅವರೇನಾದ್ರು?" ಅಂತ ಕೇಳಿದ್ದೀರಿ.

ಕಲ್ಪನೆಯಲ್ಲಿ ಡಿಸ್ನಿ ಪಾಲೂ ಇದೆ. ಆದ್ರೆ 1928ರಲ್ಲಿ 'ಪ್ಲೇನ್ ಕ್ರೇಜಿ' ಅನ್ನೋ ಮಿಕಿ ಕಾರ್ಟೂನನ್ನು ಹೆಚ್ಚುಕಮ್ಮಿ ಒಬ್ಬರೇ ಕೂತು ಬರೆದವರು ಡಿಸ್ನಿ ಜೊತೆಗಿದ್ದ ಚಿತ್ರಕಾರ ಐವರ್ಕ್ಸ್. ದಿನಕ್ಕೆ 700 ಚಿತ್ರ ಅಂತಾರೆ, ನನಗಂತೂ ಕೇಳಿಯೇ ಕೈ ನೋಯುತ್ತೆ! ಆ ಮಿಕಿಯನ್ನು ಸರಿಯಾಗಿ ನೋಡಿ: ತಲೆ, ಕಿವಿ, ಹೊಟ್ಟೆ ಎಲ್ಲಾ ದುಂಡಗೆ, ಕೈಕಾಲು ರಬ್ಬರ್ ಕೊಳವೆ. ಬೇಗ ಬರೆಯೋಕೆ ಅದೇ ಸುಲಭ.

1930ರಲ್ಲಿ ಐವರ್ಕ್ಸ್ ಡಿಸ್ನಿಯಿಂದ ಹೊರಬಂದು ಫ್ಲಿಪ್ ಅನ್ನೋ ಕಪ್ಪೆಯ ಕಾರ್ಟೂನ್ ಮಾಡಿದ್ರು, ಅಷ್ಟೇನೂ ಓಡಲಿಲ್ಲ. 1940ರಲ್ಲಿ ವಾಪಸ್ ಡಿಸ್ನಿಗೇ, ಈ ಸಲ ಪೆನ್ಸಿಲ್ ಬಿಟ್ಟು ಯಂತ್ರಗಳ ಹಿಂದೆ. ಕಲಾವಿದರ ಗೆರೆಯನ್ನು ನೇರ ಸೆಲ್ (ಕಾರ್ಟೂನ್‌ಗೆ ಬಳಸೋ ಪಾರದರ್ಶಕ ಹಾಳೆ) ಮೇಲೆ ಇಳಿಸೋ ಜೆರಾಕ್ಸ್ ವಿಧಾನವನ್ನು ಅಲ್ಲಿ ಒಗ್ಗಿಸಿದ್ದು ಅವರೇ. 1961ರ ಆ 101 ಚುಕ್ಕಿ ನಾಯಿಗಳ ಸಿನಿಮಾ '101 ಡಾಲ್ಮೇಷಿಯನ್ಸ್'ನಲ್ಲಿ ಒರಟು ಗೆರೆ ಹಾಗೇ ಕಾಣುತ್ತೆ.